ಚಾಟ್‌ನಲ್ಲಿ ಲೇಖನದ ಪಿಡಿಎಫ್ ಬೇಡ, ಹುಡುಕಾಟದ ಲಿಂಕ್ ಕಳಿಸಿ

ಲೈಬ್ರರಿ ಚಾಟ್ ನೋಡಿಕೊಳ್ಳುವವರಿಗೆ: ನರ್ಸಿಂಗ್ ವಿದ್ಯಾರ್ಥಿ "ಬೆಡ್‌ಸೋರ್ ಬಗ್ಗೆ ಆರ್ಟಿಕಲ್ ಬೇಕು" (ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣು) ಅಂದರೆ ಮೊದಲು ಒಂದೇ ಸಾಲು ಕೇಳಿ: "ರೋಗಿ ಎಂಥವರು, ಏನು ಆರೈಕೆ, ಯಾವುದಕ್ಕೆ ಹೋಲಿಕೆ, ಏನು ಫಲ?" ಉತ್ತರ ಬಂದ ಮೇಲೆ ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನ ಹುಡುಕುವ ತಾಣ) ಬೆಡ್‌ಸೋರ್, ಪ್ರೆಶರ್ ಅಲ್ಸರ್, ಪ್ರೆಶರ್ ಇಂಜುರಿ ಎಂಬ ಒಂದೇ ಹುಣ್ಣಿನ ಮೂರೂ ಹೆಸರನ್ನು 'ಆರ್' (OR) ಹಾಕಿ ಜೋಡಿಸಿ, ಕಂಸದೊಳಗಿಟ್ಟು ಹುಡುಕಿ. ಆಮೇಲೆ ಅಡ್ರೆಸ್ ಬಾರ್‌ನಲ್ಲಿರುವ ಲಿಂಕನ್ನೇ ಚಾಟ್‌ಗೆ ಅಂಟಿಸಿ. ಪಬ್‌ಮೆಡ್ ಲಿಂಕ್‌ನೊಳಗೆ ಹುಡುಕಿದ ಪದಗಳೂ ಹಾಕಿದ ಫಿಲ್ಟರ್‌ಗಳೂ ಉಳಿಯುತ್ತವೆ. ರಾತ್ರಿ ಡ್ಯೂಟಿ ಮುಗಿಸಿ ಮೊಬೈಲ್‌ನಲ್ಲಿ ತೆರೆದರೂ ಅದೇ ಹುಡುಕಾಟ ಸಿಗುತ್ತದೆ, ಒಂದು ಪದ ಬದಲಿಸಿ ಮುಂದುವರಿಯಬಹುದು. ಮೂರೂ ಪದ ಯಾಕೆ ಅಂದರೆ, 2016ರಲ್ಲಿ ಅಮೆರಿಕದ ತಜ್ಞ ಮಂಡಳಿ 'ಅಲ್ಸರ್' ಬಿಟ್ಟು 'ಇಂಜುರಿ' ಎಂದಿತು; ಹಳೆಯ ಲೇಖನಗಳಲ್ಲಿ ಹಳೆಯ ಹೆಸರೇ ಇದೆ. ನರ್ಸಿಂಗ್ ಲೇಖನಗಳ ಡೇಟಾಬೇಸ್ ಸಿನಾಲ್‌ನಲ್ಲಿ (CINAHL) ಈ ಉಪಾಯ ಕೈಕೊಡಬಹುದು: ಅಡ್ರೆಸ್ ಬಾರ್ ಲಿಂಕ್ ಸೆಷನ್ ಮುಗಿದರೆ ಸಾಯಬಹುದು, ಅಲ್ಲಿ ಪರ್ಮಾಲಿಂಕ್ (ಬದಲಾಗದೆ ಉಳಿಯುವ ಲಿಂಕ್) ತೆಗೆದು, ಕಾಲೇಜಿನ ಪ್ರಾಕ್ಸಿ (ಹೊರಗಿನಿಂದಲೂ ಕಾಲೇಜಿನ ಮೂಲಕ ಒಳಹೋಗಲು ಬಿಡುವ ವಿಳಾಸ) ಸೇರಿದೆಯಾ ನೋಡಿ. ರೋಗಿಯ ಅನುಭವ, ಮನೆಯವರ ಆತಂಕದಂಥ ವಿಷಯಕ್ಕೆ 'ಹೋಲಿಕೆ' ಕೇಳಬೇಡಿ, ಸುಮ್ಮನೆ ಗೊಂದಲ. ವಾರ್ಡ್‌ನಲ್ಲಿ ನಿಂತು ಔಷಧದ ಡೋಸ್ ಕೇಳಿದರೆ ಹುಡುಕಾಟವೇ ಬೇಡ. ವಾರ್ಡ್ ಇನ್‌ಚಾರ್ಜ್ ಇಲ್ಲವೇ ಫಾರ್ಮಸಿಗೆ ಕಳಿಸಿ.