ಇಳಕಲ್ ಸೆರಗಿನ ತೆನೆಯನ್ನು ಮಣಿಪಟ್ಟಿಗೆ ಇಳಿಸಿದ್ದು

ಮಣಿಯ ಒಡವೆ ಮಾಡುವ ಹವ್ಯಾಸವನ್ನು ಹೆಚ್ಚಿನವರು ಪೋಣಿಸುವುದರಿಂದ ಆರಂಭಿಸುತ್ತಾರೆ. ನಾನೂ ಕಿವಿಯೋಲೆ ಮತ್ತು ಒಂದೆಳೆಯ ಸರಗಳಿಂದಲೇ ಆರಂಭಿಸಿದೆ. ಆದರೆ ಬಾಗಲಕೋಟೆಯಲ್ಲಿ ಇದ್ದುಕೊಂಡು, ಟ್ರಂಕಿನ ತುಂಬ ಇಳಕಲ್ ಸೀರೆಗಳನ್ನೂ ಗುಳೇದಗುಡ್ಡದ ಖಣದ ರವಿಕೆ ಬಟ್ಟೆಗಳನ್ನೂ ಇಟ್ಟುಕೊಂಡು, ಒಡವೆಯ ನಕ್ಷೆಗೆ ಮಾತ್ರ ಎಲ್ಲಿಂದಲೋ ಬಂದ ಹೂಬಳ್ಳಿಗಳನ್ನು ನೋಡಿ ಮಾಡುವುದು ನನಗೆ ಒಗ್ಗಲಿಲ್ಲ. ಇಳಕಲ್ ಸೀರೆಯ ಟೋಪುತೆನಿ ಸೆರಗಿನ, ಅಂದರೆ ಜೋಳದ ತೆನೆಯ ಚಿತ್ತಾರವಿರುವ ಸೆರಗಿನ, ನಕ್ಷೆಯನ್ನೇ ಮುಂಗೈಗೆ ಕಟ್ಟುವ ಪಟ್ಟಿಯಾಗಿ ನೇಯಬೇಕೆಂದು ಹೊರಟ ಮೇಲೆ ಪೋಣಿಸುವ ಕೆಲಸ ಹಿಂದಕ್ಕೆ ಸರಿದು, ಮಣಿಯನ್ನು ಮಗ್ಗದ ಮೇಲೆ ನೇಯುವ ಕೆಲಸವೇ ಮುಖ್ಯವಾಯಿತು. ಸೀರೆಯಲ್ಲಿ ಸೊಗಸಾಗಿ ಕಾಣುವ ನಕ್ಷೆ ಮಣಿಯಲ್ಲಿಯೂ ಸೊಗಸಾಗಿ ಕಾಣಬೇಕಾದರೆ ಅದನ್ನು ಮಣಿಯ ಅಳತೆಗೆ ಹೊಸದಾಗಿ ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ಇಲ್ಲಿ ತುಸು ವಿವರವಾಗಿಯೇ ಬರೆಯುತ್ತೇನೆ.

ಮಗ್ಗವೆಂದರೆ ದೊಡ್ಡದೇನೂ ಅಲ್ಲ. ಒಂದೂವರೆ ಅಡಿ ಉದ್ದದ ಹಲಗೆ, ಎರಡೂ ತುದಿಗಳಲ್ಲಿ ಒಂದೊಂದು ನಿಂತ ಪಟ್ಟಿ, ಆ ಪಟ್ಟಿಗಳ ಮೇಲೆ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯಲು ಸಣ್ಣ ಹಲ್ಲಿನ ಬಾಚಣಿಗೆಯ ತುಂಡು. ಬಡಗಿಯೊಬ್ಬರು ಉಳಿದ ಹಲಗೆಯಲ್ಲಿಯೇ ಇದನ್ನು ಮಾಡಿಕೊಟ್ಟರು. ನೇಯುವ ಮಣಿಪಟ್ಟಿಯ ಅಗಲಕ್ಕೆ ಎಷ್ಟು ಮಣಿ ಬೇಕೋ ಅದಕ್ಕಿಂತ ಒಂದು ಎಳೆ ಹೆಚ್ಚಾಗಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳನ್ನು, ಹಾಕಬೇಕು. ಹದಿನೈದು ಮಣಿಯ ಅಗಲಕ್ಕೆ ಹದಿನಾರು ಎಳೆ. ಅಡ್ಡಕ್ಕೆ ಹಾಯುವ ಹೊಕ್ಕಿನ ದಾರವನ್ನು ಸೂಜಿಗೆ ಪೋಣಿಸಿ, ಒಂದು ಸಾಲಿನ ಮಣಿಗಳನ್ನು ಅದರಲ್ಲಿ ತೆಗೆದುಕೊಂಡು, ಹಾಸಿನ ಕೆಳಗಿನಿಂದ ತಂದು ಎರಡೆರಡು ಎಳೆಗಳ ನಡುವೆ ಒಂದೊಂದು ಮಣಿ ಮೇಲಕ್ಕೆ ಬರುವಂತೆ ಬೆರಳಿನಿಂದ ಒತ್ತಿ ಹಿಡಿಯಬೇಕು. ನಂತರ ಅದೇ ಸೂಜಿಯನ್ನು ಹಾಸಿನ ಮೇಲ್ಭಾಗದಿಂದ ಎಲ್ಲ ಮಣಿಗಳೊಳಗೆ ಹಿಂದಕ್ಕೆ ತರಬೇಕು. ಹೀಗೆ ಪ್ರತಿ ಎಳೆಯೂ ಮೇಲಿನ ಮತ್ತು ಕೆಳಗಿನ ದಾರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂದಕ್ಕೆ ಬರುವಾಗ ಸೂಜಿಯು ಹಾಸಿನ ಎಳೆಯನ್ನು ಚುಚ್ಚಿಬಿಟ್ಟರೆ ಮುಂದೆ ಬಿಚ್ಚಬೇಕಾದ ಸಂದರ್ಭದಲ್ಲಿ ಬಿಚ್ಚಲು ಬರುವುದಿಲ್ಲ. ಆದ್ದರಿಂದ ಈ ಹಂತದಲ್ಲಿ ಅವಸರ ಕೂಡದು.

ಮಣಿಯ ನಂಬರು ಹೆಚ್ಚಾದಂತೆ ಗಾತ್ರ ಕಡಿಮೆಯಾಗುತ್ತದೆ. 8ನೇ ನಂಬರಿನದು ಸುಮಾರು 3 ಮಿಲಿಮೀಟರ್, 11ನೇ ನಂಬರಿನದು ಸುಮಾರು 2 ಮಿಲಿಮೀಟರ್, 15ನೆಯದು ಒಂದೂವರೆ ಮಿಲಿಮೀಟರ್. ನೇಯ್ಗೆಗೆ ನಾನು ಬಳಸುವುದು 11ನೆಯದು. 15ನೆಯದು ಕಣ್ಣಿಗೆ ಬಹಳ ಶ್ರಮ ಕೊಡುತ್ತದೆ. ಜಪಾನಿನ ಮಿಯುಕಿ ಮತ್ತು ತೋಹೊ ಮಣಿಗಳು ಒಂದೇ ಅಳತೆಗೆ ಹತ್ತಿರವಾಗಿರುತ್ತವೆ, ಆದರೆ ದುಬಾರಿ. ನಮ್ಮ ಪೇಟೆಯ ಅಂಗಡಿಗಳಲ್ಲಿ ತೂಕದ ಮೇಲೆ ಸಿಗುವ ಮಣಿಗಳಲ್ಲಿ ದಪ್ಪ, ತೆಳು, ಓರೆ ಎಲ್ಲವೂ ಬೆರೆತಿರುತ್ತವೆ. ಅವುಗಳನ್ನು ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಹರವಿ, ಜೋಳ ಹಸನು ಮಾಡಿದಂತೆ ಆರಿಸಿಕೊಂಡರೆ ಕೆಲಸಕ್ಕೆ ಬರುತ್ತವೆ. ಆರಿಸಿದ್ದರಲ್ಲಿ ತೆಳುವಾದವುಗಳನ್ನೂ ನಾನು ಎಸೆಯುವುದಿಲ್ಲ. ಸಾಲಿನ ಕೊನೆಯಲ್ಲಿ ಜಾಗ ಸಾಲದಿದ್ದಾಗ ಅವೇ ನೆರವಿಗೆ ಬರುತ್ತವೆ.

ಇನ್ನು ಲೆಕ್ಕ. ಮಣಿ ದುಂಡಗೆ ಕಂಡರೂ ಅದು ಎಲ್ಲ ಕಡೆಗೂ ಒಂದೇ ಅಳತೆಯದಲ್ಲ. ತೂತಿನ ಉದ್ದಕ್ಕೆ ಅಳೆದರೆ ಚಿಕ್ಕದು, ಸುತ್ತಿನ ಅಡ್ಡಳತೆ ದೊಡ್ಡದು. ಮಗ್ಗದ ಮೇಲೆ ತೂತು ಪಟ್ಟಿಯ ಅಗಲದ ಕಡೆಗೆ ಮಲಗುತ್ತದೆ. ಹೀಗಾಗಿ 11ನೇ ನಂಬರಿನ ಒಂದು ಮಣಿ, ಹಾಸಿನ ಎಳೆಯ ದಪ್ಪವನ್ನೂ ಸೇರಿಸಿ, ಪಟ್ಟಿಯ ಅಗಲದಲ್ಲಿ ಸುಮಾರು 1.6 ಮಿಲಿಮೀಟರ್ ಮತ್ತು ಉದ್ದದಲ್ಲಿ 2 ಮಿಲಿಮೀಟರಿಗಿಂತ ತುಸು ಹೆಚ್ಚು ಜಾಗವನ್ನು ತೆಗೆದುಕೊಳ್ಳುತ್ತದೆ. ಸಾಮಾನ್ಯ ಗ್ರಾಫ್ ಹಾಳೆಯ ಚೌಕಗಳ ಮೇಲೆ ಬರೆದ ವೃತ್ತವನ್ನು ನೇಯ್ದರೆ ಅದು ಪಟ್ಟಿಯ ಉದ್ದಕ್ಕೆ ಎಳೆದಂತೆ ಮೊಟ್ಟೆಯಾಕಾರವಾಗುವುದು ಇದೇ ಕಾರಣಕ್ಕೆ. ಆದ್ದರಿಂದ ನಾನು ಅಗಲಕ್ಕೆ ಮೂರು ಪಾಲು, ಉದ್ದಕ್ಕೆ ನಾಲ್ಕು ಪಾಲು ಬರುವ ಮನೆಗಳನ್ನು ಗೆರೆ ಹಾಕಿಕೊಂಡು, ಅದರ ಮೇಲೆಯೇ ಬಣ್ಣದ ಪೆನ್ಸಿಲಿನಿಂದ ನಕ್ಷೆ ಬರೆಯುತ್ತೇನೆ.

ಟೋಪುತೆನಿ ಸೆರಗಿನಲ್ಲಿ ಮೂರು ಕೆಂಪು ಪಾಲುಗಳಿರುತ್ತವೆ, ಅವುಗಳ ನಡುವೆ ಎರಡು ಬಿಳಿ ಪಾಲುಗಳಿರುತ್ತವೆ. ಆರೂವರೆ ಇಂಚಿನ ಮುಂಗೈಗೆ ಕಟ್ಟುವ ತುದಿಗಳ ಜಾಗವನ್ನು ಬಿಟ್ಟು ಸುಮಾರು ಎಪ್ಪತ್ತು ಸಾಲು ಬೇಕಾಗುತ್ತದೆ. ನಾನು ಇದನ್ನು ಹದಿನೆಂಟು, ಎಂಟು, ಹದಿನೆಂಟು, ಎಂಟು, ಹದಿನೆಂಟು ಎಂದು ಹಂಚಿಕೊಂಡೆ. ಸೆರಗಿನ ಬಿಳಿ ಪಾಲುಗಳ ಜಾಗದಲ್ಲಿ ಬರುವ ಎಂಟು ಸಾಲಿನ ಪಾಲುಗಳಲ್ಲಿ ಕೆಂಪು ನೆಲದ ಮೇಲೆ ಬಿಳಿಯ ತೆನೆಗಳು. ಒಂದು ತೆನೆಗೆ ಬುಡದಲ್ಲಿ ಏಳು ಮಣಿ, ನಂತರ ಐದು, ಮೂರು, ಒಂದು. ಅಗಲದಲ್ಲಿ ಎರಡು ತೆನೆ, ನಡುವೆ ಒಂದು ಮಣಿಯ ಅಂತರ, ಒಟ್ಟು ಹದಿನೈದು. ಒಂದೊಂದು ಮೆಟ್ಟಿಲನ್ನು ಒಂದೊಂದೇ ಸಾಲಿಗೆ ಹಾಕಿದರೆ ತೆನೆ ಕುಳ್ಳಗಾಗಿ ಬರಿಯ ತ್ರಿಕೋನದಂತೆ ಕಾಣುತ್ತದೆ. ಪ್ರತಿ ಮೆಟ್ಟಿಲನ್ನೂ ಎರಡೆರಡು ಸಾಲು ನೇಯ್ದರೆ ಬುಡ ಸುಮಾರು 11 ಮಿಲಿಮೀಟರ್, ಎತ್ತರ ಸುಮಾರು 17 ಮಿಲಿಮೀಟರ್ ಆಗಿ, ಜೋಳದ ತೆನೆಯ ನೀಳವಾದ ರೂಪ ಬರುತ್ತದೆ. ಇದೇ ತೆನೆಯನ್ನು ಪಟ್ಟಿಯ ಅಡ್ಡಕ್ಕೆ ತಿರುಗಿಸಿ ಮಲಗಿಸಿದರೆ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಮತ್ತೆ ಮೊದಲಿನಿಂದ ಹಾಕಬೇಕು. ಇಡೀ ಪಟ್ಟಿಗೆ ಸಾವಿರದೈವತ್ತು ಮಣಿ, ಅಂದರೆ ತೂಕದಲ್ಲಿ ಹತ್ತು ಗ್ರಾಮಿನಷ್ಟು.

ಕೋಟೆಗೋಡೆಯ ಮೇಲ್ಸಾಲಿನಂತಿರುವ ಕೋಟಿಕಮ್ಮಳಿ ನಕ್ಷೆ ಮಣಿಗೆ ಸುಲಭ, ಏಕೆಂದರೆ ಅದರಲ್ಲಿ ಓರೆಗೆರೆಯೇ ಇಲ್ಲ. ಕಸೂತಿಯ ನಕ್ಷೆಗಳೆಲ್ಲವೂ ಹಾಗಲ್ಲ. ಮೆಂತೆ ಮತ್ತು ನೇಯ್ಗೆ ಹೊಲಿಗೆಗಳು ಬಟ್ಟೆಯ ಮನೆಗಳನ್ನು ತುಂಬುವಂಥವು, ಆದ್ದರಿಂದ ಅವು ನೇರವಾಗಿ ಮಣಿಗೆ ಇಳಿಯುತ್ತವೆ. ಗವಂತಿ ಮತ್ತು ಮುರಗಿ ಗೆರೆಯ ಹೊಲಿಗೆಗಳು. ಅವು ಮನೆಗಳ ಅಂಚಿನಲ್ಲಿ ಓಡುತ್ತವೆ, ಮಣಿಯಾದರೋ ಮನೆಯ ಒಳಗೆ ಕೂರುತ್ತದೆ. ಗವಂತಿಯ ಗೋಪುರವೊಂದನ್ನು ನೇಯಬೇಕಾದರೆ ಗೆರೆಗೊಂದು ಮಣಿ, ಗೆರೆಗಳ ನಡುವಿನ ಖಾಲಿ ಜಾಗಕ್ಕೊಂದು ಮಣಿ ಎಂದು ಲೆಕ್ಕ ಹಿಡಿದು ನಕ್ಷೆಯನ್ನು ಎರಡು ಪಟ್ಟು ಹಿಗ್ಗಿಸಬೇಕು. ಮುಂಗೈ ಪಟ್ಟಿಯಲ್ಲಿ ಅಷ್ಟು ಜಾಗವಿರುವುದಿಲ್ಲ. ಕೊರಳಪಟ್ಟಿಯ ನಡುವೆ ಇಟ್ಟರೆ ಮಾತ್ರ ಅದು ಒಪ್ಪುತ್ತದೆ.

ಬಣ್ಣದಲ್ಲಿ ಕಷ್ಟ ಕೊಡುವುದು ಸೆರಗಿನ ಕೆಂಪೇ. ಒಳಗೆ ಬೆಳ್ಳಿಯ ಲೇಪವಿರುವ ಕೆಂಪು ಮಣಿ ಅಂಗಡಿಯ ದೀಪದಲ್ಲಿ ಥಳಥಳಿಸುತ್ತದೆ, ಆದರೆ ಬೆವರು ತಾಗುತ್ತ ಹೋದಂತೆ ಲೇಪ ಕಪ್ಪಾಗುತ್ತದೆ. ನಮ್ಮ ಬೇಸಿಗೆಗೆ ಅದು ತಕ್ಕುದಲ್ಲ. ಗಾಜಿನಲ್ಲಿಯೇ ಬಣ್ಣ ಬೆರೆತಿರುವ, ಬೆಳಕು ಹಾಯದ ಮಣಿಯೇ ಉತ್ತಮ. ಮೇಲೆ ಬಣ್ಣ ಬಳಿದ ಮಣಿಗಳನ್ನು ಗುರುತಿಸಲು ನಾಲ್ಕಾರು ಮಣಿಗಳನ್ನು ಉಗುರು ಬಣ್ಣ ತೆಗೆಯುವ ದ್ರಾವಣದಲ್ಲಿ ನೆನೆಸಿಟ್ಟು, ಬಿಳಿ ಬಟ್ಟೆಯಿಂದ ಉಜ್ಜಿ ನೋಡುತ್ತೇನೆ. ಬಟ್ಟೆಗೆ ಬಣ್ಣ ಹತ್ತಿದರೆ ಆ ಮಣಿಯನ್ನು ನೇಯ್ಗೆಗೆ ಬಳಸುವುದಿಲ್ಲ.

ದಾರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹತ್ತಿಯ ದಾರವನ್ನು ಮಣಿಯ ಒರಟು ಅಂಚು ಬೇಗ ಕೊಯ್ಯುತ್ತದೆ, ಗಾಳದ ಒಂಟಿ ಪ್ಲಾಸ್ಟಿಕ್ ಎಳೆ ಕಾಲಕ್ರಮದಲ್ಲಿ ಸಡಿಲವಾಗುತ್ತದೆ. ನೈಲಾನಿನ ದಾರಕ್ಕೆ ಜೇನುಮೇಣ ಸವರಿಕೊಂಡರೆ ಸಾಕು. ಸೂಜಿ 10ನೇ ನಂಬರಿನದು, ದಾರ ಹಲವು ಸಲ ಹಾಯಬೇಕಾದ ಅಂಚಿನ ಮಣಿಗಳಿಗೆ ಮಾತ್ರ 12ನೆಯದು.

ಮಗ್ಗದಿಂದ ಬಿಡಿಸಿದ ಮೇಲೆ ಉಳಿಯುವ ಹಾಸಿನ ತುದಿಗಳೇ ಈ ಕೆಲಸದ ಬೇಸರದ ಭಾಗ. ಒಂದೊಂದನ್ನೂ ಸೂಜಿಗೆ ಹಾಕಿ ಒಳಗಿನ ಮಣಿಗಳಲ್ಲಿ ಹಿಂದಕ್ಕೆ ನುಸುಳಿಸಬಹುದು; ಆದರೆ ನಾನು ಬೇರೆ ದಾರಿ ಹಿಡಿದಿದ್ದೇನೆ. ಬೋರಮಾಳ, ಗುಂಡಿನ ಸರಗಳನ್ನು ಪೋಣಿಸಿಕೊಡುವ ಪಟವೇಗಾರರು ಗಂಟುಗಳ ಮೇಲೆ ರೇಷ್ಮೆ ಎಳೆಯನ್ನು ಬಿಗಿಯಾಗಿ ಸುತ್ತಿ, ತುದಿಗೆ ಗೊಂಡೆ ಬಿಡುವುದನ್ನು ಕುಳಿತು ನೋಡಿ ಕಲಿತೆ. ಎಂಟೆಂಟು ಎಳೆಗಳನ್ನು ಒಟ್ಟುಗೂಡಿಸಿ ಗಂಟು ಹಾಕಿ, ಅದರ ಮೇಲೆ ಕೆಂಪು ರೇಷ್ಮೆ ಸುತ್ತಿದರೆ ಲೋಹದ ಕೊಕ್ಕೆಯ ಅಗತ್ಯವೇ ಇರುವುದಿಲ್ಲ, ಮುಂಗೈಯ ಅಳತೆಗೆ ಎಳೆದು ಕಟ್ಟಿಕೊಳ್ಳಬಹುದು. ಕೊರಳಪಟ್ಟಿಯಾದರೆ ಒಳಬದಿಗೆ ಖಣದ ತುಂಡನ್ನು ಹೊಲಿಯುತ್ತೇನೆ. ಮಣಿಯ ಅಂಚು ಕೊರಳಿಗೆ ತರಚುವುದಿಲ್ಲ, ದಾರಕ್ಕೆ ಬೆವರು ನೇರವಾಗಿ ತಾಗುವುದಿಲ್ಲ. ಖಣ ಮಾಸಿದಾಗ ಅಂಚಿನ ಹೊಲಿಗೆಯನ್ನು ಬಿಚ್ಚಿ ಹೊಸ ತುಂಡನ್ನು ಹಾಕಲು ಬರುವಂತೆ ಆ ಹೊಲಿಗೆಯನ್ನು ಉದ್ದೇಶಪೂರ್ವಕವಾಗಿಯೇ ಸಡಿಲವಾಗಿ ಹಾಕಿರುತ್ತೇನೆ.