ಮೊದಲು ಪ್ರಶ್ನೆಗೇ ಪರೀಕ್ಷೆ: ಓದು ಮತ್ತು ಗಣಿತದ ಪ್ರಶ್ನೆಗಳ ಪೂರ್ವಪ್ರಯೋಗ ನಡೆಸುವ ಬಗೆ

ನಾಲ್ಕನೆಯ ತರಗತಿಯ ಒಂದು ಗಣಿತ ಪ್ರಶ್ನೆಯಿಂದ ಆರಂಭಿಸುತ್ತೇನೆ. "ಒಂದು ಚೀಲದಲ್ಲಿ 48 ಸೇರು ಮಂಡಕ್ಕಿ ಇದೆ. ಮನೆಗೆ 6 ಸೇರಿನಂತೆ ಹಂಚಿದರೆ ಎಷ್ಟು ಮನೆಗಳಿಗೆ ಸಾಲುತ್ತದೆ?" ದಾವಣಗೆರೆಯ ಮಕ್ಕಳಿಗೆ ಮಂಡಕ್ಕಿಯೂ ಹೊಸದಲ್ಲ, ಸೇರೂ ಹೊಸದಲ್ಲ. ಆದ್ದರಿಂದ ಪ್ರಶ್ನೆ ಬರೆದ ನಾವೆಲ್ಲರೂ ಅದರ ಎದುರು 'ಸುಲಭ' ಎಂದು ಗುರುತು ಹಾಕಿದ್ದೆವು. ಆದರೆ ತರಗತಿಯಲ್ಲಿ ಚುರುಕಾಗಿ ಲೆಕ್ಕ ಮಾಡುವ ಹುಡುಗಿಯೊಬ್ಬಳು 288 ಎಂದು ಬರೆದಳು. ಪಕ್ಕದಲ್ಲಿ ಕುಳಿತು, ಹೇಗೆ ಮಾಡಿದೆಯಮ್ಮ ಎಂದು ಕೇಳಿದಾಗ, "ಅಂತೆ ಅಂತ ಬಂದ್ರೆ ಗುಣಿಸ್ಬೇಕು ಮಿಸ್" ಎಂದು ಯಾವ ಅಳುಕೂ ಇಲ್ಲದೆ ಹೇಳಿದಳು. ಒಂದು ಪೆನ್ಸಿಲಿಗೆ 5 ರೂಪಾಯಿಯಂತೆ 8 ಪೆನ್ಸಿಲಿಗೆ ಎಷ್ಟು ಎಂಬ ಬಗೆಯ ಲೆಕ್ಕಗಳನ್ನೇ ಮಾಡುತ್ತ ಬಂದ ಮಗು ಆ ಪ್ರತ್ಯಯವನ್ನೇ ಗುಣಾಕಾರದ ಚಿಹ್ನೆ ಎಂದು ಓದಿಕೊಂಡಿತ್ತು. ಇಂಥ ಉತ್ತರದಲ್ಲಿ ಮಗುವಿನ ಕಲಿಕೆಯ ಕೊರತೆ ಎಷ್ಟು, ಪ್ರಶ್ನೆಯ ಮಾತಿನ ದೋಷ ಎಷ್ಟು ಎಂದು ಬಿಡಿಸಿ ನೋಡುವುದಕ್ಕಾಗಿಯೇ ಪೂರ್ವಪ್ರಯೋಗ, ಅಂದರೆ ಅಂತಿಮ ಪರೀಕ್ಷೆಗೆ ಮೊದಲೇ ಪ್ರಶ್ನೆಗಳನ್ನು ಕೆಲವು ಮಕ್ಕಳಿಗೆ ಕೊಟ್ಟು ನೋಡುವ ಕೆಲಸ, ಇರುವುದು.

ಶಾಲೆಗಳು ತಾವಾಗಿ ಒಪ್ಪಿ ತೆಗೆದುಕೊಳ್ಳುವ ಪ್ರಮಾಣೀಕೃತ ಪರೀಕ್ಷೆಗಳು, ಅಂದರೆ ಎಲ್ಲ ಮಕ್ಕಳನ್ನೂ ಒಂದೇ ಬಗೆಯ ಸೂಚನೆ, ಒಂದೇ ಅಳತೆಗೋಲಿನಿಂದ ಅಳೆಯುವ ಪರೀಕ್ಷೆಗಳು, ವಾರ್ಷಿಕ ಪರೀಕ್ಷೆಯಂತಲ್ಲ, ರಾಷ್ಟ್ರಮಟ್ಟದ ಸಮೀಕ್ಷೆಯಂತೆಯೂ ಅಲ್ಲ. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಲ್ಲಾಗಲಿ, 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆಯಲ್ಲಾಗಲಿ ಶಾಲೆಗಳನ್ನು ಮೇಲಿನಿಂದಲೇ ಆಯ್ದುಕೊಳ್ಳಲಾಗಿತ್ತು. ಇಂಗ್ಲೆಂಡಿನಲ್ಲಿ ಎರಡನೆಯ ತರಗತಿಯ ಕೊನೆಗೆ ನಡೆಯುವ ಓದು ಮತ್ತು ಗಣಿತದ ಪರೀಕ್ಷೆಗಳು 2023–24ರಿಂದ ಶಾಲೆಯ ಇಚ್ಛೆಗೆ ಬಿಟ್ಟವಾಗಿವೆ. ಬಲವಂತವಿಲ್ಲದ ಪರೀಕ್ಷೆಯನ್ನು ಶಿಕ್ಷಕರು ತೆಗೆದುಕೊಳ್ಳುವುದು ಅದರ ಫಲಿತಾಂಶವನ್ನು ನಂಬಬಹುದು ಎನ್ನಿಸಿದಾಗ ಮಾತ್ರ, ಮತ್ತು ಆ ನಂಬಿಕೆಗೆ ಪ್ರಶ್ನೆಗಳ ಗುಣವಲ್ಲದೆ ಬೇರೆ ಆಧಾರವಿಲ್ಲ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು) ಮಟ್ಟದಲ್ಲಿ ನಾಲ್ಕೈದು ಶಿಕ್ಷಕರು ಸೇರಿ ಈ ಕೆಲಸ ಮಾಡುವುದಾದರೆ ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಬರೆಯುವ ಹಂತ

ಯಾವ ಕಲಿಕಾ ಫಲಕ್ಕೆ (ಮಗು ಕಲಿತಿರಬೇಕಾದ ಅಂಶಕ್ಕೆ) ಎಷ್ಟು ಪ್ರಶ್ನೆ ಎಂಬ ನೀಲನಕ್ಷೆ ಮೊದಲು, ಪ್ರಶ್ನೆ ಆಮೇಲೆ. ಅಂತಿಮ ಪತ್ರಿಕೆಯಲ್ಲಿ 30 ಪ್ರಶ್ನೆಗಳು ಬೇಕಿದ್ದರೆ 60ರಿಂದ 75 ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಬೇಕು. ಪ್ರಯೋಗದಲ್ಲಿ ಅರ್ಧದಷ್ಟು ಉದುರಿಹೋದರೂ ಯಾವ ಕಲಿಕಾ ಫಲವೂ ಬರಿದಾಗಬಾರದು. ಪ್ರತಿ ಪ್ರಶ್ನೆಗೂ ಒಂದು ಕಾರ್ಡ್ ಮಾಡಿ, ಅದರ ಕಲಿಕಾ ಫಲ, ಸರಿಯುತ್ತರ, ಮತ್ತು ಪ್ರತಿ ತಪ್ಪು ಆಯ್ಕೆಯನ್ನು ಮಗು ಯಾವ ಕಾರಣಕ್ಕೆ ಆರಿಸಬಹುದು ಎಂಬ ಒಂದು ಸಾಲನ್ನು ಬರೆಯಬೇಕು. ಮೇಲಿನ ಲೆಕ್ಕದಲ್ಲಿ 288 ಗುಣಿಸಿದವರ ಉತ್ತರ, 42 ಕಳೆದವರ ಉತ್ತರ, 54 ಕೂಡಿದವರ ಉತ್ತರ. ಹೀಗೆ ಕಾರಣ ಬರೆಯಲು ಬಾರದ ಆಯ್ಕೆ ಬರೀ ಜಾಗ ತುಂಬಲು ಬಂದದ್ದು, ಅದನ್ನು ತೆಗೆದುಹಾಕಿ.

ಓದಿನ ಪ್ರಶ್ನೆಗಳಲ್ಲಿ ನಮ್ಮ ಜಿಲ್ಲೆಯವರೇ ಹೆಚ್ಚಾಗಿ ಎಡವುವ ಜಾಗವೊಂದಿದೆ. ಮಕ್ಕಳಿಗೆ ಹತ್ತಿರವಾಗಲಿ ಎಂಬ ಪ್ರೀತಿಯಿಂದ ಒನಕೆ ಓಬವ್ವನ ಬಗ್ಗೆ ಗದ್ಯಭಾಗ ಕೊಟ್ಟು, ಓಬವ್ವ ಶತ್ರುಗಳನ್ನು ಯಾವುದರಿಂದ ಹೊಡೆದಳು ಎಂದು ಕೇಳುತ್ತೇವೆ. ದುರ್ಗದ ಕೋಟೆಯ ಕಿಂಡಿಯನ್ನು ಕಣ್ಣಾರೆ ನೋಡಿದ ಮಗು ಗದ್ಯಭಾಗದ ಒಂದಕ್ಷರವನ್ನೂ ಓದದೆ 'ಒನಕೆ' ಎಂದು ಬರೆಯುತ್ತದೆ. ಅದು ಊರಿನ ಕಥೆ ಗೊತ್ತಿದೆಯೇ ಎಂಬ ಪರೀಕ್ಷೆಯಾಯಿತೇ ಹೊರತು ಓದಿನ ಪರೀಕ್ಷೆಯಾಗಲಿಲ್ಲ. ಇದನ್ನು ಪತ್ತೆ ಮಾಡಲು ಸುಲಭವಾದ ದಾರಿಯಿದೆ: ಗದ್ಯಭಾಗವನ್ನು ಮುಚ್ಚಿಟ್ಟು, ಬರೀ ಪ್ರಶ್ನೆಗಳನ್ನು ಹದಿನೈದಿಪ್ಪತ್ತು ಮಕ್ಕಳಿಗೆ ಕೊಡಿ. ನಾಲ್ಕು ಆಯ್ಕೆಗಳಿದ್ದರೆ ಬರೀ ಊಹೆಯಿಂದ ಕಾಲುಭಾಗದಷ್ಟು ಮಕ್ಕಳಿಗೆ ಸರಿಯುತ್ತರ ಸಿಗಬಹುದು. ಅದಕ್ಕಿಂತ ಬಹಳ ಹೆಚ್ಚು ಮಕ್ಕಳು ಸರಿ ಬರೆದರೆ ಉತ್ತರ ಗದ್ಯದ ಹೊರಗೇ ಸಿಗುತ್ತಿದೆ ಎಂದರ್ಥ. ಓಬವ್ವನನ್ನು ಬಿಡಬೇಕಾಗಿಲ್ಲ. ಕಾವಲುಗಾರ ಊಟಕ್ಕೆ ಕುಳಿತಿದ್ದಾಗ ಅವಳು ಅವನನ್ನು ಕರೆಯದೇ ಇದ್ದುದಕ್ಕೆ ಗದ್ಯದಲ್ಲಿ ಯಾವ ಕಾರಣ ಕೊಟ್ಟಿದೆ ಎಂದು ಕೇಳಿದರೆ ಮಗು ಸಾಲಿಗೆ ಮರಳಲೇಬೇಕಾಗುತ್ತದೆ.

ಪದಗಳ ವಿಷಯದಲ್ಲೂ ಎಚ್ಚರ ಬೇಕು. ಒಂದೇ ಜಿಲ್ಲೆಯಲ್ಲಿ ಶೇಂಗಾ ಎನ್ನುವ ಮನೆಯೂ ಇದೆ, ಕಡಲೆಕಾಯಿ ಎನ್ನುವ ಮನೆಯೂ ಇದೆ. ಮೊಳಕಾಲ್ಮೂರು, ಚಳ್ಳಕೆರೆಯ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು, ತಾಂಡಾಗಳಲ್ಲಿ ಲಂಬಾಣಿ ಆಡುವ ಮಕ್ಕಳು, ದಾವಣಗೆರೆ ನಗರದಲ್ಲಿ ಉರ್ದು ಆಡುವ ಮಕ್ಕಳು ಒಂದೇ ಪತ್ರಿಕೆಯ ಮುಂದೆ ಕುಳಿತಿರುತ್ತಾರೆ. ಗಣಿತದ ಪ್ರಶ್ನೆಯಲ್ಲಿ ಲೆಕ್ಕಕ್ಕಿಂತ ಪದ ಕಠಿಣವಾಗಬಾರದು.

ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವುದು

ಇಡೀ ಪ್ರಕ್ರಿಯೆಯಲ್ಲಿ ನಾನು ಅತ್ಯಂತ ಮುಖ್ಯವೆಂದು ನಂಬಿರುವ ಹಂತ ಇದೇ, ಮತ್ತು ಸಮಯವಿಲ್ಲವೆಂದು ಎಲ್ಲರೂ ಮೊದಲು ಕೈಬಿಡುವುದೂ ಇದನ್ನೇ. ಆರರಿಂದ ಎಂಟು ಮಕ್ಕಳು ಸಾಕು. ಆದರೆ ಅವರಲ್ಲಿ ಚೆನ್ನಾಗಿ ಓದುವವರು, ತಡವರಿಸಿ ಓದುವವರು, ಮನೆಮಾತು ಬೇರೆಯಿರುವವರು ಎಲ್ಲರೂ ಇರಬೇಕು. ಒಂದೊಂದೇ ಮಗುವನ್ನು ಕೂರಿಸಿಕೊಂಡು, "ಇದು ನಿನಗೆ ಪರೀಕ್ಷೆ ಅಲ್ಲಮ್ಮ, ನಾವು ಬರೆದ ಪ್ರಶ್ನೆ ಚೆನ್ನಾಗಿದೆಯಾ ಅಂತ ನೀನು ನೋಡಿ ಹೇಳಬೇಕು" ಎಂದು ತಿಳಿಸಿ, ಪ್ರಶ್ನೆಯನ್ನು ಗಟ್ಟಿಯಾಗಿ ಓದಿಸಿ, ಮನಸ್ಸಿಗೆ ಬಂದುದನ್ನೆಲ್ಲ ಹೇಳುತ್ತ ಬಿಡಿಸಲು ಬಿಡಿ. ಮಧ್ಯದಲ್ಲಿ ತಿದ್ದಬೇಡಿ, ತಲೆಯಾಡಿಸಲೂ ಬೇಡಿ. ಮಗು ಎಲ್ಲಿ ನಿಂತಿತು, ಯಾವ ಪದವನ್ನು ಎರಡು ಸಲ ಓದಿತು, ಯಾವ ಒತ್ತಕ್ಷರವನ್ನು ಬಿಟ್ಟು ಮುಂದೆ ಹೋಯಿತು ಎಂಬುದನ್ನು ಅದರದ್ದೇ ಮಾತಿನಲ್ಲಿ ಬರೆದುಕೊಳ್ಳಿ. ಒಂದು ಅವಧಿಗೆ ಎಂಟು ಪ್ರಶ್ನೆಗಳಿಗಿಂತ ಹೆಚ್ಚು ಮಾಡಿಸಿದರೆ ಮಗು ದಣಿಯುತ್ತದೆ, ಆಮೇಲೆ ಸಿಗುವುದು ದಣಿವಿನ ಉತ್ತರ.

ಮುದ್ರಣದ ದೋಷಗಳೂ ಇಲ್ಲಿಯೇ ಬಯಲಾಗುತ್ತವೆ. ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಿಂದ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ. ಸಣ್ಣ ಅಕ್ಷರದ ಪುಟವನ್ನು ಜೆರಾಕ್ಸ್ ಮಾಡಿದಾಗ 'ತ್ತ' ಮತ್ತು 'ತ್ರ' ಒಂದೇ ರೀತಿ ಕಾಣುತ್ತವೆ. ಬರೆದವರ ಕಣ್ಣು ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಅಲ್ಲಿ ಏನಿರಬೇಕೆಂದು ಅವರಿಗೆ ಮೊದಲೇ ಗೊತ್ತು. ಮೂರು, ನಾಲ್ಕನೆಯ ತರಗತಿಗೆ 16 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ.

ತರಗತಿಯಲ್ಲಿ ಪ್ರಯೋಗ

ತಿದ್ದಿದ ಪ್ರಶ್ನೆಗಳನ್ನು ಮೊದಲು ಮೂವತ್ತು ನಲವತ್ತು ಮಕ್ಕಳಿಗೆ ಕೊಟ್ಟು ಸಮಯ ಮತ್ತು ಸೂಚನೆಗಳನ್ನು ಸರಿಪಡಿಸಿಕೊಂಡು, ಬಳಿಕ ಕನಿಷ್ಠ ಇನ್ನೂರು ಮಕ್ಕಳ ದೊಡ್ಡ ಪ್ರಯೋಗಕ್ಕೆ ಹೋಗಬೇಕು. ಪ್ರಶ್ನೆಗಳು ಹೆಚ್ಚಿರುವುದರಿಂದ ಅ ಮತ್ತು ಆ ಎಂಬ ಎರಡು ಪುಸ್ತಿಕೆಗಳನ್ನು ಮಾಡಿ, ಎಂಟು ಹತ್ತು ಪ್ರಶ್ನೆಗಳನ್ನು ಎರಡರಲ್ಲೂ ಒಂದೇ ಕ್ರಮಾಂಕದಲ್ಲಿ ಇಡಿ. ಎರಡು ಪುಸ್ತಿಕೆಗಳನ್ನು ಒಂದೇ ಅಳತೆಗೋಲಿಗೆ ತರಲು ಈ ಸಾಮಾನ್ಯ ಪ್ರಶ್ನೆಗಳೇ ಆಧಾರ. ಒಂದು ಪುಸ್ತಿಕೆಗೆ ನೂರು ಮಕ್ಕಳಾದರೂ ಇರಲಿ. ಹಂಚುವಾಗ ಸಾಲಿನಲ್ಲಿ ಒಂದು ಅ, ಒಂದು ಆ ಎಂದು ಕೊಡುತ್ತ ಹೋದರೆ ಪಕ್ಕದವರನ್ನು ನೋಡಿ ಬರೆಯುವುದೂ ಕಡಿಮೆಯಾಗುತ್ತದೆ.

ತಾವಾಗಿ ಮುಂದೆ ಬರುವ ಶಾಲೆಗಳು ಸಾಮಾನ್ಯವಾಗಿ ಉತ್ಸಾಹಿ ಶಿಕ್ಷಕರಿರುವ ಶಾಲೆಗಳು. ಪ್ರಶ್ನೆಯ ದೋಷ ಹುಡುಕಲು ಅವು ಸಾಕು, ಆದರೆ ನಾಲ್ಕನೆಯ ತರಗತಿಯ ಸರಾಸರಿ ಮಗು ಇಷ್ಟು ಅಂಕ ಪಡೆಯುತ್ತದೆ ಎಂಬ ಮಾನಕವನ್ನು ಅವುಗಳಿಂದ ಕಟ್ಟಿದರೆ ಅದು ವಾಸ್ತವಕ್ಕಿಂತ ಮೇಲೆ ನಿಲ್ಲುತ್ತದೆ. ಆದ್ದರಿಂದ ನಗರದ ಒಂದು ಶಾಲೆ, ಜಗಳೂರಿನ ಕಡೆಯ ಒಂದು ಒಣಬೇಸಾಯದ ಹಳ್ಳಿಯ ಶಾಲೆ, ಭದ್ರಾ ಕಾಲುವೆ ಸೀಮೆಯ ಒಂದು ಶಾಲೆ, ಒಂದು ತಾಂಡಾದ ಶಾಲೆ, ಹತ್ತು ಹನ್ನೆರಡು ಮಕ್ಕಳಷ್ಟೇ ಇದ್ದು ಹಲವು ತರಗತಿಗಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಒಂದು ಶಾಲೆ, ಹೀಗೆ ನಾವೇ ಹುಡುಕಿಕೊಂಡು ಹೋಗಿ ಕೇಳಬೇಕು. ಒಪ್ಪದಿದ್ದರೆ ಒತ್ತಾಯಿಸಬಾರದು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಪ್ಪಿಗೆ, ಪೋಷಕರಿಗೆ ಸರಳ ಕನ್ನಡದ ಒಂದು ಪತ್ರ, ಇವು ಮೂರೂ ಆದ ಮೇಲೆಯೂ ಆ ದಿನ ಬರೆಯಲು ಮನಸ್ಸಿಲ್ಲದ ಮಗುವಿಗೆ ಚಿತ್ರ ಬಿಡಿಸಲು ಒಂದು ಹಾಳೆ ಕೊಟ್ಟು ಕೂರಿಸಿ. ಉತ್ತರ ಹಾಳೆಯಲ್ಲಿ ಹೆಸರು ಬೇಡ, ಸಂಕೇತ ಸಂಖ್ಯೆ ಸಾಕು. ಪುಸ್ತಿಕೆಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ಪಡೆಯಿರಿ. ಒಂದು ಪುಟದ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೂ ಆ ಪ್ರಶ್ನೆಗಳು ಕೆಟ್ಟಂತೆಯೇ.

ಯಾವ ತಿಂಗಳು ಎಂಬುದೂ ಮುಖ್ಯ. ಅಂತಿಮ ಪರೀಕ್ಷೆ ಫೆಬ್ರವರಿಯಲ್ಲಿದ್ದರೆ ಹಿಂದಿನ ವರ್ಷದ ಫೆಬ್ರವರಿಯಲ್ಲೇ ಪ್ರಯೋಗವಾಗಬೇಕು, ಏಕೆಂದರೆ ಜುಲೈಯಲ್ಲಿ ಕಠಿಣವಾಗಿದ್ದ ಭಿನ್ನರಾಶಿ ಫೆಬ್ರವರಿಯಲ್ಲಿ ಸುಲಭವಾಗಿರುತ್ತದೆ. ಮೆಕ್ಕೆಜೋಳದ ಕೊಯ್ಲಿನ ದಿನಗಳಲ್ಲಿ ಹಾಜರಾತಿ ಇಳಿಯುವ ಊರುಗಳಿವೆ. ಆಗ ಬಂದ ಮಕ್ಕಳಷ್ಟೇ ಲೆಕ್ಕಕ್ಕೆ ಸಿಗುತ್ತಾರೆ. ಬಿಸಿಯೂಟದ ನಂತರದ ಅವಧಿ ಬೇಡ, ಬೆಳಗಿನ ಮೊದಲ ಎರಡು ಅವಧಿಗಳೇ ಲೇಸು.

ಗಣಿತದ ಪ್ರಶ್ನೆಯನ್ನು ಮಗು ಕೇಳಿದರೆ ಓದಿ ಹೇಳಬಹುದು, ಓದಿನ ಗದ್ಯಭಾಗವನ್ನು ಓದಿ ಹೇಳಬಾರದು. ಯಾವ ಮಗು ಯಾವ ಪ್ರಶ್ನೆಗೆ ಕೈಯೆತ್ತಿತು ಎಂದು ಗುರುತು ಹಾಕಿಕೊಳ್ಳಿ, ಹತ್ತರಲ್ಲಿ ಒಂಬತ್ತು ಮಕ್ಕಳು ಮುಗಿಸಿದ ಸಮಯವನ್ನೂ ಬರೆದಿಡಿ.

ಅಂಕಿಗಳನ್ನು ಓದುವುದು

ಉತ್ತರಗಳನ್ನು ನಮೂದಿಸುವಾಗ ಸರಿ, ತಪ್ಪು ಎಂಬ ಎರಡೇ ಕಲಂ ಸಾಲದು. ಮಗು ಆರಿಸಿದ ಆಯ್ಕೆಯನ್ನೇ ಬರೆಯಿರಿ. ಮಧ್ಯದಲ್ಲಿ ಖಾಲಿ ಬಿಟ್ಟ ಪ್ರಶ್ನೆಗೆ ಒಂದು ಗುರುತು, ಸಮಯ ಸಾಲದೆ ಕೊನೆಯಲ್ಲಿ ಮುಟ್ಟದೇ ಉಳಿದ ಪ್ರಶ್ನೆಗಳಿಗೆ ಇನ್ನೊಂದು ಗುರುತು ಇರಲಿ. ಮುಟ್ಟದ ಪ್ರಶ್ನೆಯನ್ನು ತಪ್ಪೆಂದು ಎಣಿಸಿದರೆ ಪತ್ರಿಕೆಯ ಕೊನೆಯಲ್ಲಿರುವ ಒಳ್ಳೆಯ ಪ್ರಶ್ನೆಗಳೆಲ್ಲ ಕಠಿಣವೆಂದು ಹೊರಬೀಳುತ್ತವೆ. ಬರೆದು ಉತ್ತರಿಸುವ ಪ್ರಶ್ನೆಗಳಿದ್ದರೆ ಇಪ್ಪತ್ತು ಹಾಳೆಗಳನ್ನಾದರೂ ಇಬ್ಬರು ಬೇರೆ ಬೇರೆಯಾಗಿ ಮೌಲ್ಯಮಾಪನ ಮಾಡಿ ಹೋಲಿಸಬೇಕು. ೨೫ ಎಂದು ಬರೆದರೂ 25 ಎಂದು ಬರೆದರೂ ಸರಿ; ಓದಿನ ಉತ್ತರದಲ್ಲಿ ಮನೆಮಾತಿನ ರೂಪವೋ ಕಾಗುಣಿತದ ತಪ್ಪೋ ಇದ್ದರೆ ಅಂಕ ಕಳೆಯಬಾರದು ಎಂಬಂಥ ತೀರ್ಮಾನಗಳು ಮೊದಲೇ ಬರಹದಲ್ಲಿರಲಿ.

ಮುಂದೆ ಎರಡು ಸಂಖ್ಯೆಗಳನ್ನು ಕಂಡುಹಿಡಿಯಬೇಕು. ಸರಿಯುತ್ತರ ಕೊಟ್ಟವರ ಸಂಖ್ಯೆಯನ್ನು ಉತ್ತರಿಸಿದವರ ಸಂಖ್ಯೆಯಿಂದ ಭಾಗಿಸಿದರೆ ಪ್ರಶ್ನೆಯ ಸುಲಭತೆ ಸಿಗುತ್ತದೆ; ಬಹುತೇಕ ಪ್ರಶ್ನೆಗಳು 0.3 ಮತ್ತು 0.8ರ ನಡುವೆ ಇದ್ದರೆ ಒಳ್ಳೆಯದು, ಮಕ್ಕಳಿಗೆ ಧೈರ್ಯ ಬರಲೆಂದು ಆರಂಭದಲ್ಲಿ ಒಂದೆರಡು ಅತಿ ಸುಲಭವಾದವು ಇರಲಿ. ಎರಡನೆಯದು ಭೇದಕ ಶಕ್ತಿ, ಅಂದರೆ ಹೆಚ್ಚು ಬಲ್ಲವರನ್ನೂ ಕಡಿಮೆ ಬಲ್ಲವರನ್ನೂ ಆ ಪ್ರಶ್ನೆ ಎಷ್ಟರಮಟ್ಟಿಗೆ ಬೇರ್ಪಡಿಸುತ್ತದೆ ಎಂಬುದು. ಒಟ್ಟು ಅಂಕಗಳ ಇಳಿಕೆಯ ಕ್ರಮದಲ್ಲಿ ಹಾಳೆಗಳನ್ನು ಜೋಡಿಸಿ ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27ನ್ನು ತೆಗೆಯುವ ಪದ್ಧತಿ 1939ರಲ್ಲಿ ಕೆಲ್ಲಿ ಎಂಬವರು ತೋರಿಸಿಕೊಟ್ಟದ್ದು, ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಅದನ್ನು ಮಾಡಬಹುದು. ಲೆಕ್ಕ ತೋರಿಸಲು 120 ಮಕ್ಕಳು ಬರೆದರೆಂದು ಇಟ್ಟುಕೊಳ್ಳೋಣ. ಮೇಲೆ 32, ಕೆಳಗೆ 32 ಹಾಳೆಗಳು. ಮೇಲಿನವರಲ್ಲಿ 26, ಕೆಳಗಿನವರಲ್ಲಿ 9 ಮಕ್ಕಳು ಸರಿ ಬರೆದಿದ್ದರೆ ವ್ಯತ್ಯಾಸ 17; ಅದನ್ನು 32ರಿಂದ ಭಾಗಿಸಿದರೆ 0.53. ಸಾಮಾನ್ಯವಾಗಿ 0.4ಕ್ಕಿಂತ ಮೇಲಿದ್ದರೆ ಬಹಳ ಒಳ್ಳೆಯದು, 0.3ರ ಮೇಲಿದ್ದರೆ ಇಟ್ಟುಕೊಳ್ಳಬಹುದು, 0.2ಕ್ಕಿಂತ ಕೆಳಗಿದ್ದರೆ ತಿದ್ದಬೇಕು ಅಥವಾ ಬಿಡಬೇಕು. ಉತ್ತರ ಋಣಸಂಖ್ಯೆಯಾಗಿ ಬಂದರೆ ಮೊದಲು ಕೀಲಿ ಉತ್ತರವನ್ನೇ ನೋಡಿ. ಎಷ್ಟೋ ಸಲ ತಪ್ಪು ಅಲ್ಲಿರುತ್ತದೆ.

ಮಂಡಕ್ಕಿಯ ಪ್ರಶ್ನೆಯಲ್ಲಿ ಮೇಲಿನ 32ರಲ್ಲಿ 15, ಕೆಳಗಿನ 32ರಲ್ಲಿ 12 ಸರಿ, ಮೇಲಿನವರಲ್ಲಿ 14 ಮಂದಿ 288ನ್ನು ಆರಿಸಿದ್ದಾರೆ ಎಂದಾದರೆ ಭೇದಕ ಶಕ್ತಿ 0.09ಕ್ಕೆ ಇಳಿಯುತ್ತದೆ. ಸಂಖ್ಯೆ ಇಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಹೇಳುವುದು ಪಕ್ಕದಲ್ಲಿ ಕುಳಿತಾಗ ಬರೆದುಕೊಂಡ ಟಿಪ್ಪಣಿ. ಮಕ್ಕಳು 'ಅಂತೆ' ಎಂಬುದನ್ನು ನೋಡಿ ಗುಣಿಸಿದ್ದರೆ ಮಾತನ್ನು ಬದಲಿಸಿ, "ಒಂದು ಮನೆಗೆ 6 ಸೇರು ಕೊಡಬೇಕು. 48 ಸೇರು ಎಷ್ಟು ಮನೆಗಳಿಗೆ ಸಾಲುತ್ತದೆ?" ಎಂದು ಬರೆಯಬೇಕು. ಆದರೆ 288 ಎಂಬ ಆಯ್ಕೆಯನ್ನು ತೆಗೆಯಬಾರದು. ಮಾತು ತಿಳಿಯಾದ ಮೇಲೆಯೂ ಅದನ್ನು ಆರಿಸುವ ಮಗುವಿಗೆ ಭಾಗಾಕಾರದ ಸಂದರ್ಭವೇ ಹೊಳೆದಿಲ್ಲ, ಮತ್ತು ಶಿಕ್ಷಕರಿಗೆ ಪರೀಕ್ಷೆಯಿಂದ ಬೇಕಾದ ಸುದ್ದಿ ಅದೇ. 48 ಸೇರು 288 ಮನೆಗಳಿಗೆ ಸಾಲುತ್ತದೆಯೇ ಎಂದು ಆ ಮಗು ತನ್ನನ್ನು ತಾನೇ ಕೇಳಿಕೊಳ್ಳುವಂತೆ ಮಾಡುವ ಪಾಠ ಆಮೇಲಿನದು.

ಒಟ್ಟು ಅಂಕ ಸಮನಾಗಿರುವ ಮಕ್ಕಳಲ್ಲಿ ತೆಲುಗು ಮನೆಮಾತಿನವರಷ್ಟೇ ಒಂದು ಪ್ರಶ್ನೆಯಲ್ಲಿ ಹಿಂದೆ ಬಿದ್ದಿದ್ದರೆ ಆ ಪ್ರಶ್ನೆಯಲ್ಲಿ ಪಕ್ಷಪಾತದ ಶಂಕೆಯಿದೆ. ಇಷ್ಟು ಕಡಿಮೆ ಮಕ್ಕಳಲ್ಲಿ ಅದು ಶಂಕೆಯೇ ಹೊರತು ತೀರ್ಪಲ್ಲ. ಆ ಮನೆಮಾತಿನ ಇಬ್ಬರು ಶಿಕ್ಷಕರಿಗೆ ಪ್ರಶ್ನೆಯನ್ನು ತೋರಿಸಿ ಕೇಳಿ.

ಒಂದು ಪದ ತಿದ್ದಿದರೂ ಪ್ರಶ್ನೆ ಹೊಸದಾಯಿತು, ಅದರ ಹಳೆಯ ಅಂಕಿಗಳು ಅದಕ್ಕೆ ಸಲ್ಲುವುದಿಲ್ಲ. ಮಂಡಕ್ಕಿಯ ಪ್ರಶ್ನೆಯ ಕಾರ್ಡಿನಲ್ಲಿ ಹಳೆಯ ಮಾತು, ಹಳೆಯ ಅಂಕಿ, ಬದಲಿಸಿದ ಕಾರಣ, ದಿನಾಂಕ ಇವನ್ನು ಬರೆದು, ಹೊಸ ಮಾತನ್ನು ಕೆಳಗೆ ಸೇರಿಸಿ, ಮುಂದಿನ ಪ್ರಯೋಗದ ಕಟ್ಟಿಗೆ ಹಾಕಬೇಕು. ಪ್ರಯೋಗದ ಅಂಕಗಳಿಂದ ಯಾವ ಶಾಲೆಗೂ ಸ್ಥಾನ ಕೊಡಬಾರದು, ಯಾವ ಮಗುವಿನ ಪ್ರಗತಿಪತ್ರಕ್ಕೂ ಅವನ್ನು ಸೇರಿಸಬಾರದು. ಭಾಗವಹಿಸಿದ ಶಿಕ್ಷಕರಿಗೆ ಅವರ ತರಗತಿ ಯಾವ ತಪ್ಪು ಆಯ್ಕೆಗಳ ಕಡೆ ವಾಲಿತು ಎಂಬ ಒಂದು ಪುಟವನ್ನು ಹದಿನೈದು ದಿನದೊಳಗೆ ತಲುಪಿಸಿ, ಏಕೆಂದರೆ ಅವರು ಎರಡು ಅವಧಿಗಳನ್ನು ಬಿಟ್ಟುಕೊಟ್ಟಿದ್ದಾರೆ ಮತ್ತು ಆ ಮಕ್ಕಳು ಇನ್ನೂ ಅದೇ ತರಗತಿಯಲ್ಲಿದ್ದಾರೆ.