ನೊರಜು ಎಲ್ಲಿ ಹುಟ್ಟುತ್ತದೆ ಅಂತ ಮೊದಲು ಹುಡುಕಿ

ಜುಲೈ ಬಂತು ಅಂದರೆ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರಾಡುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಅದರ ಜೊತೆಗೇ ನೊರಜು. ಚಹಾ ಲೋಟ ಕೆಳಗಿಟ್ಟು ಪೇಪರಿನ ಒಂದು ಹಾಳೆ ಮಗುಚುವಷ್ಟರಲ್ಲಿ ಒಂದು ಅದರಲ್ಲಿ ಬಿದ್ದಿರುತ್ತದೆ. ಪಕ್ಕದ ಮನೆಯ ಮರಾಠಿಯವರು ಇದನ್ನು ಚಿಲಟ ಅನ್ನುತ್ತಾರೆ. ಅವರ ಮನೆಯಲ್ಲೂ ಇದೇ ಗೋಳು.

ಮೊನ್ನೆ ಕೆಳಗಿನ ಮಹಡಿಯ ಹುಡುಗಿ ಮೇಲೆ ಬಂದಳು. ಹುಬ್ಬಳ್ಳಿಯವಳು, ಮದುವೆಯಾಗಿ ಇಲ್ಲಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. "ಅಜ್ಜಿ, ಎರಡು ಸ್ಪ್ರೇ ಡಬ್ಬಿ ಖಾಲಿ ಮಾಡೇನ್ರಿ. ಮುಂಜಾನೆದ್ದು ನೋಡಿದ್ರ ಮತ್ತ ಅಷ್ಟ ಇರ್ತಾವ" ಅಂದಳು. ಪಾಪ, ಅವಳ ತಪ್ಪಲ್ಲ. ಎಲ್ಲರೂ ಮಾಡುವುದು ಅದನ್ನೇ. ಹಾರುತ್ತಿರುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಹೊಡೆಯುತ್ತೇವೆ. ಮೊಟ್ಟೆ, ಮರಿಹುಳ ಎಲ್ಲ ಇನ್ನೆಲ್ಲೋ ಒದ್ದೆ ಜಾಗದಲ್ಲಿ ಸುಖವಾಗಿರುತ್ತವೆ. ಆ ಜಾಗ ಸಿಗುವವರೆಗೆ ಎಷ್ಟು ಸ್ಪ್ರೇ ಹೊಡೆದರೂ ಪ್ರಯೋಜನ ಇಲ್ಲ. ಅಡುಗೆಮನೆಯಲ್ಲಿ ಸುಮ್ನೆ ವಿಷದ ವಾಸನೆ ಅಷ್ಟೇ.

ನಾವು ನೊರಜು ಅಂತ ಒಟ್ಟಿಗೆ ಕರೆಯುವುದರಲ್ಲಿ ಮನೆಯೊಳಗೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಹುಳಗಳಿರುತ್ತವೆ. ಹಣ್ಣಿನ ಸುತ್ತ ಹಾರುವುದು ಕಂದು ಬಣ್ಣದ್ದು, ಎಳ್ಳಿನಷ್ಟು ದಪ್ಪ, ಹತ್ತಿರದಿಂದ ನೋಡಿದರೆ ಕಣ್ಣು ಕೆಂಪು. ಹೂಕುಂಡದ ಹತ್ತಿರದ್ದು ಕಪ್ಪು, ಸಣಕಲು, ಉದ್ದ ಕಾಲು, ಮರಿ ಸೊಳ್ಳೆಯ ಹಾಗೆ. ಬಾತ್‌ರೂಮಿನ ಗೋಡೆಗೆ ಅಂಟಿಕೊಂಡು ಕೂರುವುದು ಬೂದು ಬಣ್ಣದ್ದು, ರೆಕ್ಕೆಯ ಮೇಲೆಲ್ಲ ರೋಮ, ಪುಟ್ಟ ಪತಂಗದ ತರಹ. ಬೆರಳಲ್ಲಿ ಒತ್ತಿದರೆ ಗೋಡೆಯ ಮೇಲೆ ಬೂದಿಯಂಥ ಗುರುತು ಉಳಿಯುತ್ತದೆ. ಯಾವುದು ಅಂತ ಗೊತ್ತಾದರೆ ಹುಟ್ಟುವ ಜಾಗವೂ ಗೊತ್ತಾದ ಹಾಗೆ.

ಹಣ್ಣಿನ ನೊರಜು ಹಿಡಿಯುವುದು ಸುಲಭ. ಆದರೆ ಅದು ಬೇಗ ಹೆಚ್ಚುತ್ತದೆ. ಮುಂಬೈಯ ಸೆಕೆಗೆ ಮೊಟ್ಟೆಯಿಂದ ಹಾರುವ ಹುಳ ಆಗಲು 8ರಿಂದ 10 ದಿನ ಸಾಕು. ಒಂದು ಹೆಣ್ಣು ತನ್ನ ಜೀವಮಾನದಲ್ಲಿ 400-500 ಮೊಟ್ಟೆ ಇಡಬಲ್ಲದು. ಮೇ ತಿಂಗಳಲ್ಲಿ ಹಾಪೂಸ್ ಮಾವಿನ ಪೆಟ್ಟಿಗೆ ತಂದು ಮಂಚದ ಕೆಳಗೆ ಹುಲ್ಲಿನಲ್ಲಿ ಹಣ್ಣಿಗೆ ಹಾಕುತ್ತೇವಲ್ಲ, ಅದರಲ್ಲಿ ಅಡಿಯ ಒಂದು ಹಣ್ಣು ಕೊಳೆತರೂ ಸಾಕು. ದಿನಕ್ಕೊಮ್ಮೆ ಕೈ ಹಾಕಿ ಅಡಿಯವನ್ನು ಮುಟ್ಟಿ ನೋಡಿ. ಈರುಳ್ಳಿ ಬಟಾಟೆ ಬುಟ್ಟಿಯನ್ನೂ ವಾರಕ್ಕೊಮ್ಮೆ ಪೂರ್ತಿ ಸುರುವಿ ನೋಡಬೇಕು. ಮೇಲಿಂದ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ತಳದಲ್ಲಿ ಒಂದು ಬಟಾಟೆ ನೀರು ಬಿಟ್ಟಿರುತ್ತದೆ. ಬಾಳೆಹಣ್ಣು ತಂದ ಕೂಡಲೇ ನೀರಲ್ಲಿ ತೊಳೆದು ಒರೆಸಿಡಿ, ಸಿಪ್ಪೆಯ ಮೇಲಿನ ಮೊಟ್ಟೆ ಸಾಕಷ್ಟು ಹೋಗುತ್ತವೆ. ಭಂಗಾರ್‌ನವನಿಗೆ, ಅಂದರೆ ಹಳೆ ಸಾಮಾನು ಕೊಳ್ಳುವವನಿಗೆ, ಕೊಡಲು ಅಂತ ಕೂಡಿಟ್ಟ ಶರಬತ್ತಿನ ಬಾಟಲಿ ತೊಳೆಯದೆ ಇಡಬೇಡಿ. ತಳದ ಒಂದು ಚಮಚ ಸಿಹಿಯಲ್ಲೂ ಅವು ಸಂಸಾರ ಹೂಡುತ್ತವೆ. ಹಸಿ ಕಸದ ಡಬ್ಬಿಗೆ ಮುಚ್ಚಳ ಇರಲಿ, ದಿನಾ ಖಾಲಿಯಾಗಲಿ, ಖಾಲಿಯಾದ ಮೇಲೆ ಡಬ್ಬಿಯನ್ನು ತೊಳೆದು ಬೋರಲು ಹಾಕಿ.

ಇಷ್ಟಾದ ಮೇಲೂ ಹಾರುತ್ತಿರುವ ನಾಲ್ಕಕ್ಕೆ ಒಂದು ಲೋಟ ಸಾಕು. ಅರ್ಧ ಲೋಟ ವಿನೆಗರ್, ಒಂದು ಚಮಚ ಸಕ್ಕರೆ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಹುಳಿ ವಾಸನೆಗೆ ಬರುತ್ತವೆ, ಸಾಬೂನು ಇರುವುದರಿಂದ ನೀರಿನ ಮೇಲೆ ನಿಲ್ಲಲಾರದೆ ಮುಳುಗುತ್ತವೆ. ಸಾಬೂನು ಮರೆತರೆ ಕುಡಿದು ಹಾರಿ ಹೋಗುತ್ತವೆ, ಅದೊಂದು ನೆನಪಿರಲಿ.

ಕುಂಡದ ನೊರಜಿಗೆ ನಾವೇ ಅನ್ನ ಹಾಕುತ್ತಿರುತ್ತೇವೆ. ಕಿಟಕಿ ಗ್ರಿಲ್ಲಿನಲ್ಲಿಟ್ಟ ಮನಿಪ್ಲಾಂಟಿಗೆ ದಿನಾ ನೀರು, ಅದರ ಮೇಲೆ ಅಕ್ಕಿ ತೊಳೆದ ನೀರು, ಮತ್ತೆ ಚಹಾ ಚರಟ. ಮಳೆಗಾಲದಲ್ಲಿ ಮಣ್ಣು ಒಣಗುವುದೇ ಇಲ್ಲ, ಮೇಲೆ ಬೂಸ್ಟು ಹಿಡಿಯುತ್ತದೆ. ಮರಿಹುಳಕ್ಕೆ ಅದೇ ಊಟ. ಅನುಮಾನವಿದ್ದರೆ ಬಟಾಟೆಯ ಒಂದು ಬಿಲ್ಲೆ ಕತ್ತರಿಸಿ ಮಣ್ಣಿನ ಮೇಲೆ ಒತ್ತಿಡಿ. ಎರಡು ಮೂರು ದಿನ ಬಿಟ್ಟು ತಿರುಗಿಸಿ ನೋಡಿದರೆ ಅಡಿಯಲ್ಲಿ ಗಾಜಿನ ಎಳೆಯಂಥ ಹುಳ, ತಲೆ ಮಾತ್ರ ಕಪ್ಪು ಚುಕ್ಕಿ. ಮೊದಲ ಸಲ ಕಂಡಾಗ ನನಗೆ ಮೈ ಜುಮ್ಮೆಂದಿತ್ತು. ಇವು ಹೆಚ್ಚಾಗಿ ಮೇಲಿನ ಒಂದೆರಡು ಇಂಚು ಮಣ್ಣಿನಲ್ಲೇ ಇರುವುದರಿಂದ ಆ ಭಾಗ ಪೂರ್ತಿ ಒಣಗಿದ ಮೇಲೇ ಮತ್ತೆ ನೀರು ಹಾಕಿ. ಬೆರಳು ಚುಚ್ಚಿ ನೋಡಿದರೆ ಗೊತ್ತಾಗುತ್ತದೆ ಅಲ್ವಾ. ನರ್ಸರಿಯಲ್ಲಿ ಹಳದಿ ಅಂಟು ಹಾಳೆ ಸಿಗುತ್ತದೆ, ಒಂದು ತುಂಡು ಕಡ್ಡಿಗೆ ಸಿಕ್ಕಿಸಿ ಕುಂಡದಲ್ಲಿಡಿ. ಕುಂಡದ ಕೆಳಗಿನ ತಟ್ಟೆಯ ನೀರನ್ನಂತೂ ಚೆಲ್ಲಲೇಬೇಕು. ಡೆಂಗಿಯ ಸೊಳ್ಳೆ ಹುಟ್ಟುವುದು ಇಂಥ ತಿಳಿನೀರಿನಲ್ಲೇ.

ಆ ಹುಡುಗಿಯ ಮನೆಯಲ್ಲಿ ಹಣ್ಣಿನ ಬುಟ್ಟಿ ಚೊಕ್ಕಟವಾಗಿತ್ತು, ಕುಂಡ ಒಂದೂ ಇರಲಿಲ್ಲ. ಬಾತ್‌ರೂಮಿನ ದೀಪ ಹಾಕಿದೆ. ಬಿಳಿ ಟೈಲ್ಸಿನ ಮೇಲೆ ಹನ್ನೆರಡು ಹದಿಮೂರು ಬೂದು ಚುಕ್ಕಿಗಳು ಕೂತಿದ್ದವು. "ದಿನಾ ಫಿನಾಯ್ಲ್ ಹಾಕ್ತೀನ್ರಿ" ಅಂದಳು. ಅದೇ ನೋಡಿ ಸಮಸ್ಯೆ. ಫಿನಾಯ್ಲ್ ಕೊಳವೆಯಲ್ಲಿ ಜಾರಿ ಹೋಗುತ್ತದೆ, ಹುಳ ಇರುವ ಲೋಳೆ ಇದ್ದಲ್ಲೇ ಇರುತ್ತದೆ.

ಇದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. 1979ರಲ್ಲಿ ನಾನು ಉಡುಪಿ ಕಡೆಯಿಂದ ಮದುವೆಯಾಗಿ ಮುಂಬೈಯ ಪರೇಲಿನ ಚಾಳಿಗೆ, ಅಂದರೆ ಸಾಲು ಕೋಣೆಗಳ ವಠಾರಕ್ಕೆ, ಬಂದಾಗ ನಮಗಿದ್ದದ್ದು ಒಂದೇ ಕೋಣೆ. ಅದರ ಮೂಲೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿದ ಮೋರಿ. ಪಾತ್ರೆ ತೊಳೆಯುವುದೂ ಅಲ್ಲೇ, ಸ್ನಾನವೂ ಅಲ್ಲೇ. ಅಲ್ಲಿಂದ ಮೂರು ಮಾರು ದೂರದಲ್ಲಿ ಒಲೆ. ನೊರಜು ಕಚ್ಚುವುದಿಲ್ಲ, ನಿಜ. ಆದರೆ ಮೋರಿಯ ಕೊಳೆಯಿಂದ ಎದ್ದು ಬಂದು ಅನ್ನದ ಮೇಲೆ ಕೂರುತ್ತದೆ. ಅತ್ತೆ ಭಾನುವಾರ ಭಾನುವಾರ ತೆಂಗಿನ ನಾರಿಗೆ ಸೋಡಾ ಪುಡಿ ಹಚ್ಚಿ, ಮೋರಿಯ ತೂತಿನೊಳಗೆ ಕೈ ಹೋಗುವಷ್ಟು ದೂರ ಉಜ್ಜುತ್ತಿದ್ದರು. "ನೀರು ಎರಚಿದರೆ ಲೋಳೆ ಹೋಗುವುದಿಲ್ಲ ಮಾರಾಯ್ತಿ, ಉಜ್ಜಬೇಕು" ಅನ್ನುತ್ತಿದ್ದರು. ಆ ಒಂದು ಕೋಣೆಯ ಮನೆಯಲ್ಲಿ ನೊರಜು ಕಂಡದ್ದು ಕಡಿಮೆ.

ಈಗಿನ ಮನೆಗಳಲ್ಲಿ ಮೋರಿಯ ಬದಲು ಬಾತ್‌ರೂಮಿನ ನೆಲದಲ್ಲಿ ನೀರು ಹೋಗಲು ನಹಾಣಿ ಟ್ರ್ಯಾಪ್ ಇದೆ. ಇಲ್ಲಿನ ಪ್ಲಂಬರುಗಳೆಲ್ಲ ಹೇಳುವ ಹೆಸರು ಅದು. ಮೇಲೆ ಸ್ಟೀಲಿನ ಜಾಳಿ, ಒಳಗೆ ಒಂದು ಕಪ್, ಕೆಳಗೆ ಸದಾ ನಿಂತಿರುವ ಸ್ವಲ್ಪ ನೀರು. ಗಟಾರದ ಗಾಳಿ ಮೇಲೆ ಬರದ ಹಾಗೆ ತಡೆಯುವುದು ಆ ನೀರೇ. ಜಾಳಿ ಎತ್ತಿದವರು ಎಷ್ಟು ಜನ ಇದ್ದಾರೋ! ಎತ್ತಿ ನೋಡಿ. ಕೂದಲು, ಸಾಬೂನಿನ ಜಿಡ್ಡು ಸೇರಿ ಅಂಚಿಗೆಲ್ಲ ಕಪ್ಪು ಜೆಲ್ಲಿಯಂತೆ ಮೆತ್ತಿರುತ್ತದೆ. ಮೊಟ್ಟೆ ಅದರಲ್ಲೇ, ಮರಿಹುಳ ತಿನ್ನುವುದೂ ಅದನ್ನೇ.

ಅಲ್ಲಿಂದಲೇ ಬರುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಲು ರಾತ್ರಿ ಮಲಗುವ ಮುಂಚೆ ಜಾಳಿ ಒರೆಸಿ, ಅದರ ಮೇಲೆ ಅಗಲದ ಟೇಪು ಅಂಟು ಕೆಳಗಾಗಿ ಹಚ್ಚಿ. ಗಾಳಿಯಾಡಲು ಅಂಚಿನಲ್ಲಿ ಸ್ವಲ್ಪ ಬಿಡಿ. ಬೆಳಿಗ್ಗೆ ಅವಳ ಟೇಪಿಗೆ ಏಳು ಅಂಟಿದ್ದವು. ಸಿಂಕಿಗೂ ಹೀಗೇ ಮಾಡಿ ನೋಡಿದ್ದಳು, ಅಲ್ಲಿ ಒಂದೂ ಇರಲಿಲ್ಲ. ಇನ್ನು ಎಲ್ಲಿ ಉಜ್ಜಬೇಕು ಅಂತ ಕೇಳುವುದೇ ಬೇಡ.

ಕೈಗೆ ಗ್ಲೌಸ್ ಹಾಕಿ ಜಾಳಿ, ಕಪ್ ಎರಡನ್ನೂ ತೆಗೆದು ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಕೂದಲನ್ನು ಎಳೆದು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ, ಒಳಗೆ ತಳ್ಳಬೇಡಿ. ಬಾಟಲಿ ತೊಳೆಯುವ ಉದ್ದ ಬ್ರಶ್ಶಿಗೆ ಸೋಡಾ ಹಚ್ಚಿ ಕೊಳವೆಯ ಒಳಗೋಡೆಯನ್ನು ತಿರುಗಿಸಿ ತಿರುಗಿಸಿ ಉಜ್ಜಿ. ಬ್ರಶ್ಶಿಗೆ ಕಪ್ಪು ಬರುವುದು ನಿಲ್ಲುವವರೆಗೆ ಉಜ್ಜಬೇಕು, ಅರ್ಧಕ್ಕೆ ಬಿಟ್ಟರೆ ಉಳಿದದ್ದರಲ್ಲೇ ಮತ್ತೆ ಹುಟ್ಟುತ್ತವೆ. ಆಮೇಲೆ ಒಂದು ಬಕೆಟ್ ಬಿಸಿನೀರು. ಕೊತಕೊತ ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಪೈಪು ಮೆತ್ತಗಾಗುತ್ತದೆ. ವಾಶಿಂಗ್ ಮಶೀನಿನ ಕೆಳಗೆ, ಬಕೆಟ್ಟಿನ ತಳಕ್ಕೆ, ಬಿರುಕು ಬಿಟ್ಟ ಟೈಲ್ಸಿನ ಸಂದಿಗೆ ಕೂಡ ಬ್ರಶ್ ಹೋಗಬೇಕು. ದೊಡ್ಡ ಹುಳಗಳು ಎರಡು ವಾರ ಬದುಕುವುದರಿಂದ ಮರುದಿನವೂ ನಾಲ್ಕು ಕಂಡರೆ ಬೇಸರ ಬೇಡ. ಮೂರು ನಾಲ್ಕು ದಿನಕ್ಕೊಮ್ಮೆ ಉಜ್ಜುತ್ತಾ ಮೂರು ವಾರ ಬಿಡದೆ ಮಾಡಿ. ಅವಳು ಹಾಗೇ ಮಾಡಿದಳು. ಮೂರನೇ ವಾರ ಖಾಲಿ ಟೇಪು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ತೋರಿಸಿದಳು.

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ವರ್ಷಗಳ ಹಿಂದೆ ಬೇಗ ಸ್ವಚ್ಛ ಆಗಲಿ ಅಂತ ನಾನು ಒಂದರ ಮೇಲೆ ಇನ್ನೊಂದು ಸುರಿದೆ. ಕ್ಷಣದಲ್ಲಿ ಘಾಟು ಎದ್ದು ಗಂಟಲು ಕಟ್ಟಿತು, ಕಣ್ಣು ಬಿಡಲಾಗಲಿಲ್ಲ. ಬಾಗಿಲು ತೆರೆದಿದ್ದರಿಂದ ಹೊರಗೆ ಓಡಿ ಬಂದೆ. ಅದು ಕ್ಲೋರಿನ್ ಗಾಳಿ, ಮುಚ್ಚಿದ ಸಣ್ಣ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ. ವಿನೆಗರ್ ಜೊತೆಗೂ ಬ್ಲೀಚ್ ಸೇರಿಸಬಾರದು.

ಮೇ ರಜೆಗೆ ತಿಂಗಳುಗಟ್ಟಲೆ ಊರಿಗೆ ಹೋಗುವವರು ಇನ್ನೊಂದು ಮಾಡಿ. ಬಳಸದ ಬಾತ್‌ರೂಮಿನಲ್ಲಿ ನಹಾಣಿ ಟ್ರ್ಯಾಪಿನ ನೀರು ಆರಿ ಹೋಗುತ್ತದೆ. ಆಗ ಗಟಾರದ ವಾಸನೆ, ಹುಳ ಎರಡಕ್ಕೂ ದಾರಿ ತೆರೆದಂತೆ. ಹೊರಡುವ ದಿನ ಎಲ್ಲ ಜಾಳಿಗಳಿಗೂ ಒಂದೊಂದು ಮಗ್ ನೀರು ಹಾಕಿ, ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ಪದರವಾಗಿ ನಿಲ್ಲುವುದರಿಂದ ನೀರು ಬೇಗ ಆರುವುದಿಲ್ಲ. ಬಂದ ಮೇಲೆ ಬಿಸಿನೀರು, ಸೋಡಾ ಹಾಕಿ ಉಜ್ಜಿಬಿಡಿ.